ಕ್ಯಾಮೆರಾದಿಂದ ದೂರ ನಿಲ್ಲಿಸುವ ಫ್ಲ್ಯಾಶ್‌ಗೆ ಕಡಿಮೆ ಬೆಲೆಯ ವೈರ್‌ಲೆಸ್ ಟ್ರಿಗರ್: ಆಯ್ಕೆ ಮಾಡುವ ಕ್ರಮ

ಕ್ಯಾಮೆರಾದ ನೆತ್ತಿಯ ಮೇಲೆ ಕೂತ ಫ್ಲ್ಯಾಶ್ ಎದುರಿನ ಮುಖವನ್ನು ನೇರವಾಗಿ ಬೆಳಗಿ ಚಪ್ಪಟೆ ಮಾಡುತ್ತದೆ. ಅದೇ ಫ್ಲ್ಯಾಶನ್ನು ಇಳಿಸಿ, ನಾಲ್ಕೈದು ಅಡಿ ಪಕ್ಕಕ್ಕೆ, ತಲೆಯ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂದು ಬಿಳಿ ಛತ್ರಿಯ ಹಿಂದೆ ನಿಲ್ಲಿಸಿದರೆ ಕೆನ್ನೆಗೆ, ಮೂಗಿಗೆ, ಸೀರೆಯ ನೆರಿಗೆಗೆ ನೆರಳಿನ ಆಕಾರ ಬರುತ್ತದೆ. ಹೀಗೆ ದೂರ ಹೋದ ಫ್ಲ್ಯಾಶ್‌ಗೆ ಶಟರ್ ತೆರೆದ ಕ್ಷಣವನ್ನು ತಿಳಿಸುವ ಉಪಕರಣವೇ ಟ್ರಿಗರ್. ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಕೂರಿಸುವ ಜಾಗವಾದ ಹಾಟ್ ಶೂ ಮೇಲೆ ಕೂರುವ ಟ್ರಾನ್ಸ್‌ಮಿಟರ್ ರೇಡಿಯೊ ಸಂಕೇತ ಕಳಿಸುತ್ತದೆ. ಫ್ಲ್ಯಾಶ್‌ಗೆ ಜೋಡಿಸಿದ ಅಥವಾ ಫ್ಲ್ಯಾಶ್‌ನೊಳಗೇ ಇರುವ ರಿಸೀವರ್ ಅದನ್ನು ಹಿಡಿದು ಬೆಳಕನ್ನು ಹಾರಿಸುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ಟ್ರಿಗರ್‌ನ ಬೆಲೆಯೊಂದನ್ನೇ ನೋಡಿ ತೀರ್ಮಾನಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು ಲೆಕ್ಕ. ಟ್ರಿಗರ್, ರಿಸೀವರ್, ಫ್ಲ್ಯಾಶ್, ಸೆಲ್ ಇಷ್ಟೂ ಸೇರಿದ ಮೊತ್ತವನ್ನು, ಅದರಲ್ಲೂ ಮುಂದೆ ಎರಡನೆಯ ಫ್ಲ್ಯಾಶ್ ಸೇರಿಸುವಾಗ ಆಗುವ ಮೊತ್ತವನ್ನು, ಮೊದಲೇ ಬರೆದು ನೋಡಿದವರಿಗೆ ಅಗ್ಗ ಯಾವುದು, ಅಗ್ಗವೆಂದು ಕಾಣುವುದು ಯಾವುದು ಎಂಬ ವ್ಯತ್ಯಾಸ ತಿಳಿಯುತ್ತದೆ.

ಮೊದಲ ಹೆಜ್ಜೆ: ಕೈಯಲ್ಲಿರುವ ಸಾಮಾನನ್ನು ಪರೀಕ್ಷಿಸಿ

ಹೊಸದೇನನ್ನೂ ಕೊಳ್ಳದೆ ಕೆಲಸ ಸಾಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ನೈಕಾನ್‌ನ ಡಿ90, ಡಿ7000, ಡಿ7200 ಮುಂತಾದ ಕ್ಯಾಮೆರಾಗಳ ಒಳಫ್ಲ್ಯಾಶ್‌ಗೆ ಕಮಾಂಡರ್ ಸೌಲಭ್ಯವಿದೆ. ಕ್ಯಾನನ್‌ನ 600ಡಿ, 700ಡಿ, 60ಡಿ, 70ಡಿ, 80ಡಿ ಮೊದಲಾದವುಗಳಲ್ಲೂ ಇಂಥದೇ ವ್ಯವಸ್ಥೆ ಇದೆ. ಇವು ಬೆಳಕಿನ ಮಿಡಿತಗಳ ಮೂಲಕವೇ ದೂರದ ಫ್ಲ್ಯಾಶ್‌ಗೆ ಆಜ್ಞೆ ಕೊಡುತ್ತವೆ, ಅದರ ಶಕ್ತಿಯನ್ನೂ ಹೊಂದಿಸುತ್ತವೆ. ಆ ಭಾಷೆ ಅರ್ಥವಾಗುವ ಫ್ಲ್ಯಾಶ್ ನಿಮ್ಮಲ್ಲಿದ್ದರೆ ಮನೆಯೊಳಗಿನ ಭಾವಚಿತ್ರಗಳಿಗೆ ಟ್ರಿಗರ್ ಬೇಕಾಗಿಯೇ ಇಲ್ಲ.

ಅದೂ ಇಲ್ಲದಿದ್ದರೆ ಶಕ್ತಿಯನ್ನು ಕೈಯಿಂದಲೇ ಹೊಂದಿಸಬೇಕಾದ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶ್‌ಗಳಲ್ಲೂ ಸಾಮಾನ್ಯವಾಗಿ ಇರುವ ಆಪ್ಟಿಕಲ್ ಸ್ಲೇವ್ ಅನ್ನು ಬಳಸಬಹುದು. ಇನ್ನೊಂದು ಫ್ಲ್ಯಾಶ್ ಮಿಂಚಿದ್ದನ್ನು ಕಂಡು ಇದು ತಾನೂ ಮಿಂಚುತ್ತದೆ. ಎಸ್1 ಎಂದು ಗುರುತಿಸಿರುವ ಮೋಡ್ ಮೊದಲ ಮಿಂಚಿಗೇ ಓಗೊಡುತ್ತದೆ; ಎಸ್2 ಎಂಬುದು ಕ್ಯಾಮೆರಾದ ಫ್ಲ್ಯಾಶ್ ಅಳತೆಗಾಗಿ ಹಾರಿಸುವ ಮುನ್ಮಿಂಚನ್ನು ಕಡೆಗಣಿಸಿ ನಿಜವಾದ ಮಿಂಚಿಗೆ ಕಾಯುತ್ತದೆ. ಸ್ಲೇವ್ ಕೆಲಸ ಮಾಡುತ್ತಿದ್ದರೂ ಚಿತ್ರದಲ್ಲಿ ಅದರ ಬೆಳಕೇ ಕಾಣುತ್ತಿಲ್ಲವೆಂದರೆ ಬಹುಪಾಲು ಸಂದರ್ಭಗಳಲ್ಲಿ ಎಸ್1 ಬದಲು ಎಸ್2 ಇಡುವುದೇ ಪರಿಹಾರ.

ಬೆಳಕನ್ನು ನಂಬಿದ ಈ ಎರಡೂ ವಿಧಾನಗಳಿಗೆ ಮಿತಿಗಳಿವೆ. ನಡುಹಗಲ ಬಿಸಿಲಿನಲ್ಲಿ ಸೆನ್ಸರ್‌ಗೆ ಮಿಂಚು ಸರಿಯಾಗಿ ಕಾಣುವುದಿಲ್ಲ. ಕಂಬದ ಹಿಂದೆ, ಬೆಳಕನ್ನು ಮೃದುಗೊಳಿಸುವ ಸಾಫ್ಟ್‌ಬಾಕ್ಸ್‌ನ ಬಟ್ಟೆಯೊಳಗೆ ಇಟ್ಟರೆ ಸಂಕೇತ ತಲುಪದೆ ಹೋಗಬಹುದು. ಮದುವೆ ಛತ್ರದಲ್ಲಂತೂ ಸ್ಲೇವ್ ಹಾಕಿ ನಿಲ್ಲಿಸಿದ ಫ್ಲ್ಯಾಶ್, ಧಾರೆಯ ಹೊತ್ತಿಗೆ ನೆಂಟರ ಕ್ಯಾಮೆರಾಗಳು ಹಾರಿಸುವ ಪ್ರತಿಯೊಂದು ಮಿಂಚಿಗೂ ಜೊತೆಗೂಡಿ, ನೀವು ಶಟರ್ ಒತ್ತುವ ಕ್ಷಣಕ್ಕೆ ಇನ್ನೂ ಚಾರ್ಜ್ ಆಗುತ್ತಿರುತ್ತದೆ. ಇಂಥ ಕಡೆ ಕೆಲಸ ಮಾಡುವವರಿಗೆ ರೇಡಿಯೊ ಟ್ರಿಗರ್ ಅನಿವಾರ್ಯ.

ಎರಡನೆಯ ಹೆಜ್ಜೆ: ನಿಮ್ಮ ಕ್ಯಾಮೆರಾದ ಹಾಟ್ ಶೂ ನೋಡಿ

ಹಾಟ್ ಶೂ ನಡುವೆ ಇರುವ ಒಂದು ದುಂಡನೆಯ ಲೋಹದ ಸಂಪರ್ಕವೇ ಫ್ಲ್ಯಾಶ್‌ಗೆ ‘ಈಗ’ ಎಂದು ಹೇಳುವುದು. ಸರಳ ಮ್ಯಾನ್ಯುಯಲ್ ಟ್ರಿಗರ್‌ಗಳಿಗೆ ಅದೊಂದೇ ಸಾಕು. ಆದ್ದರಿಂದಲೇ ಅವು ಯಾವ ಕಂಪನಿಯ ಕ್ಯಾಮೆರಾ ಮೇಲೆ ಕೂರಿಸಿದರೂ ಕೆಲಸ ಮಾಡುತ್ತವೆ ಎಂಬ ನಂಬಿಕೆ ಬೆಳೆದಿದೆ. ಆದರೆ ಕ್ಯಾನನ್ ತನ್ನ ಕೆಲವು ಆರಂಭಿಕ ದರ್ಜೆಯ ಕ್ಯಾಮೆರಾಗಳಲ್ಲಿ, ಉದಾಹರಣೆಗೆ 3000ಡಿ ಮತ್ತು 200ಡಿ 2ನೆಯ ಆವೃತ್ತಿಯಲ್ಲಿ, ಈ ನಡುವಿನ ಸಂಪರ್ಕವನ್ನೇ ತೆಗೆದುಹಾಕಿದೆ. ಇವುಗಳ ಮೇಲೆ ಒಂಟಿ ಸಂಪರ್ಕದ ಟ್ರಿಗರ್ ಎಷ್ಟೇ ಒತ್ತಿ ಕೂರಿಸಿದರೂ ಜೀವ ಬರುವುದಿಲ್ಲ. ಕ್ಯಾಮೆರಾವನ್ನು ಕೈಗೆತ್ತಿಕೊಂಡು ಶೂ ನಡುವೆ ಚುಕ್ಕೆ ಇದೆಯೇ ಎಂದು ನೋಡುವುದಕ್ಕೆ ಅರೆನಿಮಿಷ ಸಾಕು. ಅಂತರ್ಜಾಲದಲ್ಲಿ ಆರ್ಡರ್ ಮಾಡುವ ಮುಂಚೆ ಅದನ್ನು ಮಾಡಿ. ಚುಕ್ಕೆ ಇಲ್ಲದಿದ್ದರೆ ನಿಮ್ಮ ಮಾಡೆಲ್‌ನ ಹೆಸರನ್ನೇ ಹೊಂದಾಣಿಕೆ ಪಟ್ಟಿಯಲ್ಲಿ ನಮೂದಿಸಿರುವ, ಕ್ಯಾನನ್‌ಗೆಂದೇ ಮಾಡಿದ ಟಿಟಿಎಲ್ (ಕ್ಯಾಮೆರಾವೇ ಫ್ಲ್ಯಾಶ್‌ನ ಶಕ್ತಿ ನಿರ್ಧರಿಸುವ) ಟ್ರಿಗರ್ ಮಾತ್ರ ನಿಮಗೆ ದಾರಿ.

ಸೋನಿ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಮಿನೋಲ್ಟಾ ಕಾಲದಿಂದ ಬಂದ ವಿಚಿತ್ರ ಆಕಾರದ ಶೂ ಅನ್ನು ಸೋನಿ 2012ರಲ್ಲಿ ಬಿಟ್ಟು, ಎಲ್ಲರಂತೆ ಇರುವ ಶೂಗೆ ಬದಲಾಯಿಸಿತು. ಅದಕ್ಕಿಂತ ಹಳೆಯ ಆಲ್ಫಾ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಸಾಮಾನ್ಯ ಟ್ರಿಗರ್ ಕೂರಿಸಲು ಅಡಾಪ್ಟರ್ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಯಾವ ಸೌಲಭ್ಯಕ್ಕೆ ಹಣ ಕೊಡಬೇಕು ಎಂದು ನಿರ್ಧರಿಸಿ

ಈ ಹಂತದಲ್ಲಿ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ಟ್ರಿಗರ್‌ಗಳ ಬೆಲೆ ಏರುವುದು ಇಲ್ಲಿಯೇ. ಅತ್ಯಂತ ಸರಳ ಟ್ರಿಗರ್ ‘ಹಾರು’ ಎಂದಷ್ಟೇ ಹೇಳುತ್ತದೆ. ಅದಕ್ಕಿಂತ ಮೇಲಿನದು ಫ್ಲ್ಯಾಶ್‌ನ ಶಕ್ತಿಯನ್ನು ಕ್ಯಾಮೆರಾ ಬಳಿಯಿಂದಲೇ ಪೂರ್ಣದಿಂದ 1/128ರವರೆಗೆ ಬದಲಿಸಲು ಬಿಡುತ್ತದೆ. ಇನ್ನೂ ಮೇಲಿನದು ಟಿಟಿಎಲ್, ಅಂದರೆ ಲೆನ್ಸ್ ಮೂಲಕ ಬಂದ ಮುನ್ಮಿಂಚನ್ನು ಅಳೆದು ಕ್ಯಾಮೆರಾವೇ ಶಕ್ತಿ ನಿರ್ಧರಿಸುವ ವ್ಯವಸ್ಥೆ. ಅದರ ಜೊತೆಗೆ ಎಚ್‌ಎಸ್‌ಎಸ್, ಅಂದರೆ ಸಿಂಕ್ ಸ್ಪೀಡ್ ದಾಟಿದ ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಬಳಸುವ ಸೌಲಭ್ಯ ಬರುತ್ತದೆ.

ಇವುಗಳಲ್ಲಿ ಎಲ್ಲರೂ ಹಣ ಕೊಡಬೇಕಾದದ್ದು ಒಂದಕ್ಕೇ: ಕ್ಯಾಮೆರಾ ಬಳಿಯಿಂದ ಶಕ್ತಿ ಬದಲಿಸುವ ಸೌಲಭ್ಯಕ್ಕೆ. ಫ್ಲ್ಯಾಶ್ ಒಮ್ಮೆ ಏಳಡಿ ಸ್ಟ್ಯಾಂಡ್ ಏರಿ ಸಾಫ್ಟ್‌ಬಾಕ್ಸ್ ಒಳಗೆ ಸೇರಿಕೊಂಡಿತೆಂದರೆ ಪ್ರತಿ ಸಣ್ಣ ಬದಲಾವಣೆಗೂ ಅಲ್ಲಿಗೆ ನಡೆದು, ಸ್ಟ್ಯಾಂಡ್ ಇಳಿಸಿ, ಬಟ್ಟೆ ಬಿಚ್ಚಿ, ಗುಂಡಿ ಒತ್ತಿ ಮರಳಬೇಕಾಗುತ್ತದೆ. ಅಷ್ಟರಲ್ಲಿ ಎದುರು ಕೂತವರ ಮುಖದ ನಗು ಮಾಯವಾಗಿರುತ್ತದೆ. ಎರಡು ಫ್ಲ್ಯಾಶ್ ಇದ್ದರೆ ಈ ಓಡಾಟವೂ ಎರಡರಷ್ಟು. ಟ್ರಿಗರ್‌ನಲ್ಲಿ ಎ, ಬಿ, ಸಿ ಎಂದು ಗ್ರೂಪ್ ಮಾಡಿಕೊಂಡು ಮುಖದ ಬೆಳಕನ್ನೊಂದು, ಹಿನ್ನೆಲೆಯ ಬೆಳಕನ್ನೊಂದು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಅನುಕೂಲ ಒಮ್ಮೆ ಅಭ್ಯಾಸವಾದರೆ ಅದಿಲ್ಲದೆ ಕೆಲಸ ಮಾಡುವುದು ಕಷ್ಟ.

ಟಿಟಿಎಲ್ ವಿಷಯ ಬೇರೆ. ಫ್ಲ್ಯಾಶ್‌ನಿಂದ ವ್ಯಕ್ತಿಗೆ ಇರುವ ದೂರ ಕ್ಷಣಕ್ಷಣಕ್ಕೂ ಬದಲಾಗುವ ಮೆರವಣಿಗೆ, ಆರತಕ್ಷತೆ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಅದು ನೆರವಾಗುತ್ತದೆ. ಸ್ಟ್ಯಾಂಡ್ ಮೇಲೆ ನಿಂತ ಫ್ಲ್ಯಾಶ್ ಮತ್ತು ಕುರ್ಚಿಯ ಮೇಲೆ ಕೂತ ವ್ಯಕ್ತಿ, ಇಬ್ಬರೂ ಕದಲದಿರುವಾಗ ಮ್ಯಾನ್ಯುಯಲ್ ಶಕ್ತಿಯೇ ಮೇಲು, ಏಕೆಂದರೆ ಟಿಟಿಎಲ್ ಬಿಳಿ ಪಂಚೆ ಕಂಡಾಗ ಒಂದು ಅಳತೆ, ಕಪ್ಪು ಕೋಟು ಕಂಡಾಗ ಇನ್ನೊಂದು ಅಳತೆ ಕೊಟ್ಟು ಸಾಲು ಚಿತ್ರಗಳ ಬೆಳಕನ್ನು ಏರುಪೇರು ಮಾಡುತ್ತದೆ. ಮನೆಯಲ್ಲಿ ಭಾವಚಿತ್ರ, ಅಡುಗೆಯ ಚಿತ್ರ, ಮಾರಾಟದ ವಸ್ತುಗಳ ಚಿತ್ರ ತೆಗೆಯುವವರು ಟಿಟಿಎಲ್ ಇಲ್ಲವೆಂದು ಕೊರಗಬೇಕಾಗಿಲ್ಲ.

ಎಚ್‌ಎಸ್‌ಎಸ್ ಬಗ್ಗೆ ನಿರ್ಧರಿಸಲು ಸಿಂಕ್ ಸ್ಪೀಡ್ ಎಂದರೇನೆಂದು ತಿಳಿದಿರಬೇಕು. ಕ್ಯಾಮೆರಾದ ಶಟರ್‌ಗೆ ಎರಡು ಪರದೆಗಳಿವೆ. ಒಂದು ವೇಗದವರೆಗೆ ಮೊದಲ ಪರದೆ ಪೂರ್ತಿ ತೆರೆದ ಮೇಲೆ ಎರಡನೆಯದು ಮುಚ್ಚಲು ಹೊರಡುತ್ತದೆ; ಆ ನಡುವಿನ ಗಳಿಗೆಯಲ್ಲಿ ಫ್ಲ್ಯಾಶ್ ಮಿಂಚಿದರೆ ಸೆನ್ಸರ್ ಪೂರ್ತಿಗೆ ಬೆಳಕು ಸಿಗುತ್ತದೆ. ಆ ವೇಗ ದಾಟಿದರೆ ಒಂದು ಸೀಳು ಮಾತ್ರ ಸೆನ್ಸರ್ ಮೇಲೆ ಸರಿದುಹೋಗುತ್ತದೆ, ಚಿತ್ರದ ಉಳಿದ ಭಾಗ ಕಪ್ಪು ಪಟ್ಟಿಯಾಗುತ್ತದೆ. ಸಿಂಕ್ ಸ್ಪೀಡ್ ಎಂಬ ಈ ಗಡಿ ನೈಕಾನ್ ಡಿ3500 ಮತ್ತು ಕ್ಯಾನನ್ 1500ಡಿಗಳಲ್ಲಿ 1/200 ಸೆಕೆಂಡ್, ನೈಕಾನ್ ಡಿ7500ರಲ್ಲಿ 1/250, ಸೋನಿ ಎ6000ದಲ್ಲಿ 1/160. ಎಚ್‌ಎಸ್‌ಎಸ್‌ನಲ್ಲಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಅತಿ ವೇಗದ ಸಣ್ಣ ಮಿಡಿತಗಳಾಗಿ, ಸೀಳು ಸರಿದು ಮುಗಿಯುವವರೆಗೂ ಉರಿಯುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಗಡಿ ದಾಟಿದ ಕೂಡಲೇ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಶಟರ್ ವೇಗ ಎರಡರಷ್ಟಾದಾಗಲೆಲ್ಲ ಮತ್ತೆ ಅರ್ಧವಾಗುತ್ತದೆ.

ಇದು ಯಾರಿಗೆ ಬೇಕು? ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/200 ಇಟ್ಟರೆ ಅಪರ್ಚರ್ ಎಫ್/11ರ ಸುತ್ತ ಬರುತ್ತದೆ. ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ಇಳಿದರೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಬೆಳಕು ಒಳನುಗ್ಗುತ್ತದೆ. ಅದನ್ನು ತಡೆಯಲು ಶಟರ್ 1/3200 ಆಗಬೇಕು, ಆಗ ಎಚ್‌ಎಸ್‌ಎಸ್ ಬೇಕು. ಅಥವಾ ಲೆನ್ಸ್ ಮುಂದೆ ಬೆಳಕನ್ನು ತಗ್ಗಿಸುವ, ನಾಲ್ಕು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿ 1/200ರಲ್ಲೇ ಉಳಿಯಬಹುದು. ಸರಳ ಟ್ರಿಗರ್ ಇರುವವರಿಗೆ ಇದು ಒಳ್ಳೆಯ ಅಡ್ಡದಾರಿ. ಹೊರಾಂಗಣದಲ್ಲಿ ಹಗಲು ಚಿತ್ರ ತೆಗೆಯದವರಿಗೆ ಎರಡೂ ಬೇಡ. ಇನ್ನು ನೈಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಕ್ಯಾಮೆರಾಗಳಿಗೆ ಎಚ್‌ಎಸ್‌ಎಸ್‌ನ ನೈಕಾನ್ ರೂಪವಾದ ಆಟೊ ಎಫ್‌ಪಿ ಸೌಲಭ್ಯವೇ ಇಲ್ಲ. ಡಿ3500 ಇಟ್ಟುಕೊಂಡವರಿಗೆ ‘1/8000 ಸೆಕೆಂಡ್‌ವರೆಗೆ ಸಿಂಕ್’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಟ್ರಿಗರ್ ಮಾರಿದರೆ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ನಾಲ್ಕನೆಯ ಹೆಜ್ಜೆ: ಬಿಡಿ ಉಪಕರಣವನ್ನಲ್ಲ, ಕುಟುಂಬವನ್ನು ಆರಿಸಿ

ಒಂದು ಕಂಪನಿಯ ರೇಡಿಯೊ ಸಂಕೇತ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎರಡೂ 2.4 ಗಿಗಾಹರ್ಟ್ಸ್ ಎಂದು ಬರೆದುಕೊಂಡಿದ್ದರೂ ಗೊಡಾಕ್ಸ್ ಟ್ರಾನ್ಸ್‌ಮಿಟರ್ ಯೊಂಗ್ನುವೊ ರಿಸೀವರ್ ಜೊತೆ ಮಾತಾಡದು. ಆದ್ದರಿಂದ ಮೊದಲ ಟ್ರಿಗರ್ ಕೊಂಡಾಗಲೇ ಮುಂದಿನ ಫ್ಲ್ಯಾಶ್‌ಗಳ ದಾರಿಯನ್ನೂ ನೀವು ಅರ್ಧ ನಿರ್ಧರಿಸಿರುತ್ತೀರಿ.

ಈಗಾಗಲೇ ಒಂದು ಫ್ಲ್ಯಾಶ್ ಇದ್ದು ಅದು ಯಾವ ಕಂಪನಿಯದಾದರೂ ಮ್ಯಾನ್ಯುಯಲ್ ಶಕ್ತಿ ಇಡಲು ಬಿಡುತ್ತದೆ ಎಂದಾದರೆ, ಯೊಂಗ್ನುವೊ ಆರ್‌ಎಫ್-603ರಂಥ ಜೋಡಿಯಿಂದಲೂ ಕೆಲಸ ಸಾಗುತ್ತದೆ, ಶಕ್ತಿಯನ್ನು ಮಾತ್ರ ಫ್ಲ್ಯಾಶ್ ಬಳಿ ಹೋಗಿಯೇ ಬದಲಿಸಬೇಕು. ಇದರಲ್ಲಿ ಎರಡೂ ತುಣುಕುಗಳು ಒಂದೇ ಬಗೆಯವು. ಯಾವುದನ್ನಾದರೂ ಟ್ರಾನ್ಸ್‌ಮಿಟರ್ ಆಗಿ, ಯಾವುದನ್ನಾದರೂ ರಿಸೀವರ್ ಆಗಿ ಬಳಸಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಎರಡನೆಯ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಮೊದಲ ಆವೃತ್ತಿಯಲ್ಲಿ ತಾನು ಕ್ಯಾಮೆರಾ ಮೇಲೆ ಕೂತಿದ್ದೇನೆಂದು ಟ್ರಿಗರ್ ತಾನಾಗಿ ಗುರುತಿಸಬೇಕಿತ್ತು, ಅದಕ್ಕಾಗಿ ಕ್ಯಾನನ್‌ಗೆ ಒಂದು, ನೈಕಾನ್‌ಗೆ ಇನ್ನೊಂದು ತುಣುಕು ಬೇಕಿತ್ತು. ಎರಡನೆಯ ಆವೃತ್ತಿಯಲ್ಲಿ ಅದಕ್ಕೊಂದು ಸ್ವಿಚ್ ಬಂದು ಆ ತೊಡಕು ನೀಗಿತು. ಗೊಡಾಕ್ಸ್‌ನ ಸಿಟಿ-16 ಎಂಬ 433 ಮೆಗಾಹರ್ಟ್ಸ್ ಜೋಡಿಯೂ ಇದೇ ಸರಳ ವರ್ಗದ್ದು. ಸ್ಟುಡಿಯೊ ಲೈಟುಗಳ ಹಿಂದಿರುವ ದೊಡ್ಡ ಜ್ಯಾಕ್‌ಗೆ ವೈರ್ ಮೂಲಕ ಸಿಕ್ಕಿಸಲು ಇಂಥ ಜೋಡಿಗಳು ಅನುಕೂಲ. ಹಾಗೆ ಬಳಸುವವರು ಲೈಟಿನಲ್ಲಿರುವ ತೂತು 3.5 ಮಿ.ಮೀ.ನದೋ 6.35 ಮಿ.ಮೀ.ನದೋ ಎಂದು ಅಳೆದು, ಸರಿಹೊಂದುವ ವೈರ್ ಪೆಟ್ಟಿಗೆಯಲ್ಲೇ ಇದೆಯೇ ಎಂದು ಕೇಳಿಕೊಳ್ಳಬೇಕು.

ಫ್ಲ್ಯಾಶ್ ಇನ್ನೂ ಕೊಂಡಿಲ್ಲದವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ರಿಸೀವರ್ ಒಳಗೇ ಇರುವ ಫ್ಲ್ಯಾಶ್ ಕೊಳ್ಳಿ. ಗೊಡಾಕ್ಸ್ ಟಿಟಿ600, ಯೊಂಗ್ನುವೊ ವೈಎನ್560ರ ಮೂರನೆಯ ಮತ್ತು ನಾಲ್ಕನೆಯ ಆವೃತ್ತಿಗಳು ಈ ಬಗೆಯ ಮ್ಯಾನ್ಯುಯಲ್ ಫ್ಲ್ಯಾಶ್‌ಗಳು. ಪ್ರತಿ ಫ್ಲ್ಯಾಶ್‌ಗೂ ಬೇರೆ ರಿಸೀವರ್, ಅದಕ್ಕೆ ಬೇರೆ ಸೆಲ್, ಅದನ್ನು ಸ್ಟ್ಯಾಂಡ್‌ಗೆ ಸಿಕ್ಕಿಸುವ ಸಡಿಲ ಜೋಡಣೆ ಇಷ್ಟೂ ತಪ್ಪುತ್ತದೆ. ಯೊಂಗ್ನುವೊ ದಾರಿ ಹಿಡಿದವರಿಗೆ ವೈಎನ್560-ಟಿಎಕ್ಸ್ ಎಂಬ ಕಂಟ್ರೋಲರ್ ಆರು ಗ್ರೂಪ್‌ಗಳವರೆಗೆ ಶಕ್ತಿ ಬದಲಿಸಿಕೊಡುತ್ತದೆ. ಗೊಡಾಕ್ಸ್ ದಾರಿಯಲ್ಲಿ ಎಕ್ಸ್2ಟಿ ಅಥವಾ ಎಕ್ಸ್‌ಪ್ರೊ ಬರುತ್ತದೆ. ಇವು ಟಿಟಿಎಲ್ ಮತ್ತು ಎಚ್‌ಎಸ್‌ಎಸ್ ಬಲ್ಲ ಟ್ರಿಗರ್‌ಗಳಾದ್ದರಿಂದ ಕ್ಯಾನನ್, ನೈಕಾನ್, ಸೋನಿ, ಫ್ಯೂಜಿ ಎಂದು ಬೇರೆ ಬೇರೆ ಮಾದರಿಗಳಿವೆ, ಹೆಸರಿನ ಕೊನೆಯ ಅಕ್ಷರ ಅದನ್ನು ಸೂಚಿಸುತ್ತದೆ. ಟಿಟಿ600 ಕ್ಯಾಮೆರಾದ ಮೇಲೆ ನೇರವಾಗಿ ಕೂತಾಗ ಎಚ್‌ಎಸ್‌ಎಸ್ ಮಾಡದು, ಆದರೆ ಈ ಟ್ರಿಗರ್‌ಗಳ ಮೂಲಕ ದೂರದಿಂದ ನಡೆಸಿದಾಗ ಮಾಡುತ್ತದೆ.

ಇಂದು ಹೊಸದಾಗಿ ಆರಂಭಿಸುವವರಿಗೆ ನಾನು ಗೊಡಾಕ್ಸ್ ಕುಟುಂಬವನ್ನೇ ಸೂಚಿಸುತ್ತೇನೆ. ಅದರ ಟ್ರಿಗರ್ ಸರಳ ಜೋಡಿಗಳಿಗಿಂತ ದುಬಾರಿ, ನಿಜ. ಆದರೆ ಸಣ್ಣ ಟಿಟಿ600ರಿಂದ ಹಿಡಿದು ದೊಡ್ಡ ಸ್ಟುಡಿಯೊ ಲೈಟುಗಳವರೆಗೆ ಅದೇ ರೇಡಿಯೊ ವ್ಯವಸ್ಥೆ ಇರುವುದರಿಂದ, ಮುಂದೆ ಮದುವೆಯ ಕೆಲಸ ಹಿಡಿದು ದೊಡ್ಡ ಲೈಟ್ ಕೊಂಡರೂ ಟ್ರಿಗರ್ ಬದಲಿಸಬೇಕಾಗಿಲ್ಲ. ಕ್ಯಾಮೆರಾ ಕಂಪನಿ ಬದಲಿಸಿದವರು ಟ್ರಿಗರ್ ಒಂದನ್ನು ಹೊಸದಾಗಿ ಕೊಂಡು ಫ್ಲ್ಯಾಶ್‌ಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಪಾಕೆಟ್‌ವಿಜರ್ಡ್‌ನಂಥ ಹೆಸರಾಂತ ಅಮೆರಿಕನ್ ಟ್ರಿಗರ್‌ಗಳು ಗಟ್ಟಿಮುಟ್ಟಾದವು, ಆದರೆ ಈ ಬಜೆಟ್‌ಗೆ ಸೇರಿದವಲ್ಲ. ವಿದೇಶದ ನೆಂಟರು ತಂದುಕೊಡುತ್ತೇವೆಂದರೂ ಎಚ್ಚರ ಬೇಕು: ಅವುಗಳ ಅಮೆರಿಕದ ಮಾದರಿ 344 ಮೆಗಾಹರ್ಟ್ಸ್ ಸುತ್ತ, ಯೂರೋಪಿನ ಮಾದರಿ 433 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ.

ಹಳೆಯ ಫಿಲ್ಮ್ ಕಾಲದ ಫ್ಲ್ಯಾಶ್ ಮನೆಯಲ್ಲಿದ್ದವರಿಗೆ ಒಂದು ಮಾತು. ಅಂಥ ಕೆಲವು ಫ್ಲ್ಯಾಶ್‌ಗಳ ಸಂಪರ್ಕದಲ್ಲಿ 200 ವೋಲ್ಟ್‌ಗೂ ಹೆಚ್ಚಿನ ಒತ್ತಡ ಇರುತ್ತದೆ; ಹಳೆಯ ವಿವಿಟಾರ್ 283 ಇದಕ್ಕೆ ಹೆಸರುವಾಸಿ. ಅದನ್ನು ಕ್ಯಾಮೆರಾಗೆ ನೇರ ಕೂರಿಸದೆ ಟ್ರಿಗರ್ ಮೂಲಕ ಬಳಸುವುದು ಒಳ್ಳೆಯದೇ, ಆದರೆ ರಿಸೀವರ್ ಎಷ್ಟು ವೋಲ್ಟ್ ತಾಳುತ್ತದೆಂದು ಅದರ ಕೈಪಿಡಿಯಲ್ಲಿ ನೋಡದೆ ಜೋಡಿಸಿದರೆ ರಿಸೀವರ್ ಸುಟ್ಟುಹೋಗಬಹುದು.

ಐದನೆಯ ಹೆಜ್ಜೆ: ಅಂಗಡಿಯಲ್ಲಿ ನೋಡಬೇಕಾದದ್ದು

ಕ್ಯಾಮೆರಾವನ್ನು ಜೊತೆಗೇ ಕೊಂಡೊಯ್ಯಿರಿ. ಟ್ರಿಗರನ್ನು ಶೂಗೆ ಕೂರಿಸಿ, ಬೀಗ ಹಾಕಿ, ಮೆಲ್ಲಗೆ ಅಲ್ಲಾಡಿಸಿ ನೋಡಿ. ಅಗ್ಗದ ಟ್ರಿಗರ್‌ಗಳಲ್ಲಿ ಮೊದಲು ಕೆಡುವುದು ರೇಡಿಯೊ ಅಲ್ಲ, ಕೆಳಗಿನ ಪ್ಲಾಸ್ಟಿಕ್ ಕಾಲು ಮತ್ತು ಸೆಲ್ ಮುಚ್ಚಳ. ಸಾಮಾನ್ಯ ಎಎ ಅಥವಾ ಎಎಎ ಸೆಲ್ ಬಳಸುವುದನ್ನೇ ಆರಿಸಿ. ಹಳೆಯ ಕೆಲವು ಟ್ರಿಗರ್‌ಗಳು ಬಳಸುವ ಪುಟ್ಟ 12 ವೋಲ್ಟ್ ಸೆಲ್ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಬಿಲ್‌ನಲ್ಲಿ ಮಾಡೆಲ್ ಸಂಖ್ಯೆ ಪೂರ್ತಿಯಾಗಿ, ಕೊನೆಯ ಅಕ್ಷರವೂ ಸೇರಿ ಬರೆದಿರಲಿ.

ಪೆಟ್ಟಿಗೆಯ ಮೇಲಿನ ನೂರು ಮೀಟರ್ ವ್ಯಾಪ್ತಿಯ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಅದು ಬಯಲಿನಲ್ಲಿ ಅಡ್ಡಿಯಿಲ್ಲದೆ ಅಳೆದ ದೂರ. 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯ ದೇಹವೂ ಬಹುಪಾಲು ನೀರೇ. ತುಂಬಿದ ಸಭಾಂಗಣದಲ್ಲಿ ಎದೆಮಟ್ಟದಲ್ಲಿ ಇಟ್ಟ ರಿಸೀವರ್‌ಗಿಂತ ತಲೆಗಳ ಮೇಲೆ ಎತ್ತಿ ಇಟ್ಟದ್ದು ಚೆನ್ನಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಕೊನೆಯ ಹೆಜ್ಜೆ: ಹಿಂದಿರುಗಿಸುವ ಅವಧಿಯೊಳಗೆ ಮನೆಯಲ್ಲಿ ಪರೀಕ್ಷಿಸಿ

ಎರಡೂ ಕಡೆ ಒಂದೇ ಚಾನೆಲ್, ಒಂದೇ ಗ್ರೂಪ್ ಇಡಿ. ಶಟರ್ 1/125, ಫ್ಲ್ಯಾಶ್ ಶಕ್ತಿ 1/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ. ನಂತರ ಶಟರನ್ನು ಒಂದೊಂದೇ ಹೆಜ್ಜೆ ಏರಿಸುತ್ತ ಕ್ಯಾಮೆರಾದ ಸಿಂಕ್ ಸ್ಪೀಡ್‌ವರೆಗೆ ಹೋಗಿ. ರೇಡಿಯೊ ಸಂಕೇತಕ್ಕೆ ಹಿಡಿಯುವ ತುಸು ಕಾಲದಿಂದಾಗಿ ಅಗ್ಗದ ಟ್ರಿಗರ್‌ಗಳಲ್ಲಿ 1/200ರಲ್ಲೇ ಚಿತ್ರದ ಅಂಚಿಗೆ ಕಪ್ಪು ನೆರಳು ಬರಬಹುದು. 1/160ರಲ್ಲಿ ಅದು ಹೋದರೆ ಅದನ್ನೇ ನಿಮ್ಮ ಗಡಿ ಎಂದುಕೊಳ್ಳಿ. ವ್ಯತ್ಯಾಸ ಮೂರನೆಯ ಒಂದು ಸ್ಟಾಪ್ ಅಷ್ಟೇ, ಅದಕ್ಕಾಗಿ ಟ್ರಿಗರ್ ಹಿಂದಿರುಗಿಸಬೇಕಾಗಿಲ್ಲ. ಆಮೇಲೆ ಅದೇ ಸ್ಥಿತಿಯಲ್ಲಿ ಐವತ್ತು ಚಿತ್ರಗಳನ್ನು, ನಡುವೆ ಎರಡು ಮೂರು ಸೆಕೆಂಡ್ ಬಿಟ್ಟು, ತೆಗೆಯಿರಿ. ಹೊಸ ಸೆಲ್ ಹಾಕಿಯೂ ನಾಲ್ಕೈದು ಬಾರಿ ಫ್ಲ್ಯಾಶ್ ಹಾರದಿದ್ದರೆ, ಚಾನೆಲ್ ಬದಲಿಸಿದರೂ ಸರಿಹೋಗದಿದ್ದರೆ, ಹಿಂದಿರುಗಿಸಿ.

ಹಿಂದಿರುಗಿಸುವ ಮುನ್ನ ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಅನೇಕ ವೇಳೆ ದೋಷ ಟ್ರಿಗರ್‌ನದಾಗಿರುವುದಿಲ್ಲ. ಕ್ಯಾಮೆರಾ ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್‌ನಲ್ಲಿದ್ದರೆ ಬಹುತೇಕ ಕ್ಯಾಮೆರಾಗಳು ಫ್ಲ್ಯಾಶ್ ಹಾರಿಸುವುದಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಲೈವ್ ವ್ಯೂ ಬಳಸುವಾಗ ಸೈಲೆಂಟ್ ಶೂಟಿಂಗ್ ಚಾಲೂ ಇದ್ದರೆ ಬೇರೆ ಕಂಪನಿಯ ಫ್ಲ್ಯಾಶ್, ಟ್ರಿಗರ್‌ಗಳು ಸುಮ್ಮನಿರುತ್ತವೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸರಳ ಟ್ರಿಗರ್ ಹಾಕಿದಾಗ ಪರದೆ ಪೂರ್ತಿ ಕಪ್ಪಾಗಿ ಕಂಡರೆ ಗಾಬರಿ ಬೇಡ. ಫ್ಲ್ಯಾಶ್ ಇದೆ ಎಂಬುದು ಕ್ಯಾಮೆರಾಗೆ ತಿಳಿದಿಲ್ಲ, ಮೆನುವಿನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಶನ್ ಆಫ್ ಮಾಡಿದರೆ ದೃಶ್ಯ ಮರಳಿ ಕಾಣುತ್ತದೆ. ಗೊಡಾಕ್ಸ್ ಟ್ರಿಗರ್ ಫ್ಲ್ಯಾಶ್‌ಗೆ ತೀರಾ ಹತ್ತಿರವಿದ್ದಾಗ ಕೈಕೊಟ್ಟರೆ ದೂರದ ಸೆಟ್ಟಿಂಗನ್ನು 1–100 ಮೀಟರ್‌ನಿಂದ 0–30 ಮೀಟರ್‌ಗೆ ಬದಲಿಸಿ. ಅದೇ ಟ್ರಿಗರ್‌ಗಳಲ್ಲಿ 32 ಚಾನೆಲ್‌ಗಳ ಜೊತೆಗೆ 1ರಿಂದ 99ರವರೆಗಿನ ಐಡಿಯನ್ನೂ ಇಡಬಹುದು. ಛತ್ರದಲ್ಲಿ ವಧುವಿನ ಕಡೆಯವರು, ವರನ ಕಡೆಯವರು ಕರೆಸಿದ ಇಬ್ಬರು ಛಾಯಾಗ್ರಾಹಕರೂ ಒಂದೇ ಕಂಪನಿಯ ಟ್ರಿಗರ್ ತಂದಾಗ ಒಬ್ಬರ ಲೈಟನ್ನು ಇನ್ನೊಬ್ಬರು ಹಾರಿಸುವುದನ್ನು ಈ ಐಡಿ ತಡೆಯುತ್ತದೆ. ಹಳೆಯ ಕೆಲವು ಫ್ಲ್ಯಾಶ್‌ಗಳಿಗೆ ಐಡಿ ಸೌಲಭ್ಯ ಇಲ್ಲದಿರುವುದರಿಂದ ಟ್ರಿಗರ್‌ನಲ್ಲಿ ಮಾತ್ರ ಅದನ್ನು ಇಟ್ಟರೆ ಅವು ಹಾರುವುದಿಲ್ಲ; ಆಗ ಐಡಿ ಆಫ್ ಮಾಡಿ, ಚಾನೆಲ್ ಬೇರೆ ಮಾಡಿಕೊಳ್ಳಿ.

ಸೆಲ್‌ಗಳ ವಿಷಯದಲ್ಲಿ 1.2 ವೋಲ್ಟ್‌ನ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ಫ್ಲ್ಯಾಶ್‌ಗೂ ಟ್ರಿಗರ್‌ಗೂ ಒಳ್ಳೆಯವು. ಎಎ ಗಾತ್ರದಲ್ಲೇ ಸಿಗುವ, 14500 ಎಂದು ಗುರುತಿಸಿರುವ 3.7 ವೋಲ್ಟ್ ಲಿಥಿಯಂ ಸೆಲ್‌ಗಳನ್ನು ಮಾತ್ರ ಎಂದೂ ಹಾಕಬೇಡಿ. ನೋಡಲು ಒಂದೇ ಥರ ಇದ್ದರೂ ವೋಲ್ಟೇಜ್ ಮೂರರಷ್ಟಾಗಿ ಟ್ರಿಗರ್ ಸುಟ್ಟುಹೋಗಬಹುದು. ಕೆಲಸ ಮುಗಿದ ಮೇಲೆ ಟ್ರಿಗರ್ ಬ್ಯಾಗಿಗೆ ಸೇರುವ ಮುಂಚೆ ಸೆಲ್ ಹೊರಗೆ ತೆಗೆದಿಡಿ. ಮಳೆಗಾಲ ಪೂರ್ತಿ ಒಳಗೇ ಉಳಿದ ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗ್ ತುಕ್ಕು ಹಿಡಿದರೆ ವಾರಂಟಿ ಅದಕ್ಕೆ ಅನ್ವಯಿಸುವುದಿಲ್ಲ.